ಇನಿಶಿಯಲ್ ತಕರಾರು

ಶುಕ್ರವಾರ ಬೆಳಿಗ್ಗೆ ಟಿನ್ ಫ್ಯಾಕ್ಟರಿ ಹಿಂದಿನ ವಠಾರದ ನಲ್ಲಿಗೆ ನೀರು ಬರುವ ಮುಂಚೆ ಸುದ್ದಿ ಬಂತು.

"ಲೇ ರಾಯಪ್ಪಾ, ನಿನ್ ಮಗಳ ಇನಿಶಿಯಲ್ ಹೋಯ್ತಲ್ಲೋ!" ಅಂದಳು ಜಟ್ಟೆಮ್ಮ, ಖಾಲಿ ಕೊಡ ಕುಕ್ಕುತ್ತಾ.

ರಾಯಪ್ಪ ಹಲ್ಲುಜ್ಜುತ್ತಿದ್ದ. ಬಾಯ್ತುಂಬ ನೊರೆ. "ಎಲ್ಲಿ ಹೋತು?" ಅಂದ, ಇನಿಶಿಯಲ್ ಅಂದರೆ ಕಿವಿಯೋಲೆಯ ಹಾಗೆ ದಾರಿಯಲ್ಲಿ ಬಿದ್ದುಹೋಗುವ ವಸ್ತು ಅಂದುಕೊಂಡವನಂತೆ.

ಜಟ್ಟೆಮ್ಮ ಹಲಸೂರಿನ ಒಂದು ಹೈಸ್ಕೂಲಿನಲ್ಲಿ ಆಯಾ. ರಾಯಪ್ಪನ ಮಗಳು ಪ್ರಿಯದರ್ಶಿನಿ ಓದುತ್ತಿದ್ದುದೂ ಅಲ್ಲೇ, ಹತ್ತನೇ ಕ್ಲಾಸು. ಹಿಂದಿನ ದಿನ ಆಫೀಸ್ ರೂಮು ಒರೆಸುವಾಗ ಜಟ್ಟೆಮ್ಮನ ಕೈ ನೆಲದ ಮೇಲಿತ್ತು, ಕಿವಿ ಮಾತ್ರ ಮೇಜಿನ ಮೇಲಿತ್ತು.

"ನಿನ್ ಹೆಂಡ್ತಿ ಬಂದಿದ್ಳು. ಅದೇ, ಹಳೇ ಹೆಂಡ್ತಿ, ಅಯ್ಯಮ್ಮ. ಡಿ ತೆಗೆದು ಬಿ ಹಾಕಿ ಅಂತಿದ್ಳು. ನೋಟರಿ ಹತ್ರ ಅಫಿಡವಿಟ್ ಮಾಡ್ಸಿದಾಳೆ, ಪೇಪರಲ್ಲೂ ಹಾಕ್ಸಿದಾಳೆ. ಇವತ್ತು ಮಧ್ಯಾಹ್ನ ಮಕ್ಕಳ ಹೆಸರೆಲ್ಲ ಪರೀಕ್ಷೆ ಬೋರ್ಡಿಗೆ ಹೋಗುತ್ತಂತೆ. ಹೋದ್ಮೇಲೆ ಮುಗೀತು. ಬ್ರಹ್ಮ ಬಂದ್ರೂ ತಿದ್ದಕ್ಕಾಗಲ್ವಂತೆ."

ರಾಯಪ್ಪ ನೊರೆ ಉಗುಳಲಿಲ್ಲ, ನುಂಗಿಬಿಟ್ಟ.

ಡಿ. ಪ್ರಿಯದರ್ಶಿನಿ. ಡಿ ಅಂದರೆ ದೇವದುರ್ಗ, ರಾಯಪ್ಪನ ಊರು. ಅವನ ಕಡೆ ಹೆಸರಿನ ಹಿಂದೆ ಮನೆತನ ಬರುತ್ತದೆಯೇ ಹೊರತು ಮುಂದೆ ಅಕ್ಷರ ಬರುವುದಿಲ್ಲ. ಮಗಳ ಮೊದಲ ಪುಸ್ತಕದ ಮೇಲೆ ಆ ಡಿ ನೋಡಿ, ಇದೇನು ಅಂತ ಅವನು ಕೇಳಿದ್ದು ವಠಾರದ ಅಂಜನಮೂರ್ತಿಯನ್ನು. ಅಂಜನಮೂರ್ತಿ ಯಾವ ಕೆಲಸಕ್ಕೂ ಹೋಗುತ್ತಿರಲಿಲ್ಲವಾದ್ದರಿಂದ ಎಲ್ಲ ವಿಷಯವೂ ಅವನಿಗೆ ಗೊತ್ತಿತ್ತು. "ನಿಮ್ಮೂರು ಯಾವ್ದು?" ಅಂದಿದ್ದ. "ದೇವದುರ್ಗ." "ಮತ್ತೆ? ಡಿ ಅಂದ್ರೆ ಅದೇ ಗುರು, ಬೆಂಗಳೂರಲ್ಲಿ ಹಂಗೇ ಹಾಕೋದು." ರಾಯಪ್ಪ ನಂಬಿದ್ದ. ಮಗಳಿಗೂ ಹಾಗೇ ಹೇಳಿಕೊಟ್ಟಿದ್ದ.

ಅದೊಂದು ಗುಣ ರಾಯಪ್ಪನದು. ನಾಲ್ಕು ಜನ ಹೇಳಿದ್ದನ್ನು ನಂಬುತ್ತಿದ್ದ, ಒಬ್ಬನೇ ಹೇಳಿದರೂ ನಂಬುತ್ತಿದ್ದ. ಹೆಂಡತಿ ಹೇಳಿದರೆ ಮಾತ್ರ ಬೇರೆಯವರ ಹತ್ತಿರ ವಿಚಾರಿಸುತ್ತಿದ್ದ. ಕುಡಿತ, ಹೊಡೆತ ಏನೂ ಇಲ್ಲದೆ ಅವರ ಸಂಸಾರ ಮುರಿದದ್ದು ಹೀಗೆ.

ಅವನ ಹೆಸರೂ ಜನ ಹೇಳಿದ್ದೇ. ಊರಲ್ಲಿ ತೊಟ್ಟಿಲಿಗೆ ಹಾಕಿ ಇಟ್ಟ ಉದ್ದನೆಯ ಹೆಸರೊಂದಿತ್ತು. ಟೈಲ್ಸ್ ಕೆಲಸಕ್ಕೆ ಸೇರಿದ ಮೊದಲ ವಾರವೇ ಮೇಸ್ತ್ರಿ ಅದನ್ನು ಮೂಲೆಗೆ ಕೂರದ ಟೈಲ್ಸ್ ಕತ್ತರಿಸಿದ ಹಾಗೆ ಕತ್ತರಿಸಿ "ರಾಯಪ್ಪ" ಅಂದ. ಕತ್ತರಿಸಿದ ತುಂಡು ಎಲ್ಲಿ ಬಿತ್ತೋ, ಯಾರೂ ಹುಡುಕಲಿಲ್ಲ. ಅಯ್ಯಮ್ಮನಿಗೆ ಪೂರ್ತಿ ಹೆಸರು ಗೊತ್ತಿತ್ತು. ಆದರೆ ಗಂಡನ ಹೆಸರು ಬಾಯಲ್ಲಿ ಎತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅನ್ನುವ ಮನೆಯಿಂದ ಬಂದವಳು ಅವಳು. "ಇಲ್ಲಿ ಕೇಳ್ರಿ" ಅನ್ನುವುದೇ ಅವನ ಹೆಸರಾಗಿತ್ತು. ಡೈವರ್ಸ್ ದಿನ ಜಡ್ಜ್ ಸಾಹೇಬರು "ನಿಮ್ಮ ಗಂಡನ ಹೆಸರೇನಮ್ಮಾ?" ಅಂದಾಗಲೂ ಸೆರಗು ಬಾಯಿಗೆ ಒತ್ತಿಕೊಂಡು, "ಅಲ್ಲಿ ನಿಂತಾರಲ್ರಿ, ಅವರದಾ" ಅಂದಿದ್ದಳು. ಗಂಡನೇ ಬೇಡ ಅಂತ ಬಂದವಳಿಗೆ ಅವನ ಆಯುಷ್ಯದ ಚಿಂತೆ ಯಾಕೆ ಅಂತ ಇಡೀ ಕೋರ್ಟು ನಕ್ಕಿತ್ತು. ರಾಯಪ್ಪ ನಕ್ಕಿರಲಿಲ್ಲ.

ಆಮೇಲೆ ಅವನ ಪಾಲಿಗೆ ಉಳಿದದ್ದು ಭಾನುವಾರಗಳು. ಹಲಸೂರು ಕೆರೆ ಹತ್ತಿರದ ಬೇಕರಿಯಲ್ಲಿ ಅಪ್ಪ ಮಗಳು ಒಂದು ದಿಲ್‌ಪಸಂದ್ ಹಂಚಿಕೊಂಡು ತಿನ್ನುತ್ತಿದ್ದರು. ಉಳಿದ ದಿನಗಳಲ್ಲಿ ಅವನ ಹತ್ತಿರ ಇದ್ದದ್ದು ಆ ಡಿ ಒಂದೇ. ತಾನು ಇಲ್ಲದ ಮನೆಯಲ್ಲಿ, ತಾನು ನೋಡದ ಪುಸ್ತಕದ ಮೇಲೆ, ಮಗಳ ಹೆಸರಿನ ಬಾಗಿಲಲ್ಲಿ ತನ್ನೂರು ಕಾವಲು ನಿಂತಿದೆ ಅಂದುಕೊಂಡು ಮಲಗುತ್ತಿದ್ದ.

"ಬಿ ಅಂದ್ರೆ ಯಾವೂರಿರ್ಬೋದು?" ನಲ್ಲಿಯ ಸಾಲಿನಲ್ಲಿದ್ದ ಪಕ್ಕದ ಮನೆ ಮುನಿವೆಂಕಟಮ್ಮ ಬಕೆಟ್ ಮೇಲೆ ಕೂತು ಯೋಚಿಸಿದಳು. "ಬೆಂಗಳೂರೇ ಇರ್ಬೇಕು. ವರ್ಷಗಟ್ಲೆ ಆಯ್ತಲ್ಲ ಬಂದು, ಅಡ್ರೆಸ್ ಚೇಂಜ್ ಮಾಡ್ಸಿರ್ತಾಳೆ."

"ಅಯ್ಯೋ, ಸುಮ್ನಿರಕ್ಕ." ಅಂಜನಮೂರ್ತಿ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ. "ಡೈವರ್ಸ್ ಆದ ಹೆಂಗಸು ಊರಿನ ಹೆಸರು ಬದಲಾಯ್ಸಲ್ಲ. ಅಪ್ಪನ ಹೆಸರು ಬದಲಾಯ್ಸ್ತಾಳೆ. ಬಿ ಅಂದ್ರೆ... ಭೀಮು."

ನಲ್ಲಿ ಬುಸ್ ಅಂತು. ಯಾರೂ ಕೊಡ ಇಡಲಿಲ್ಲ.

ಭೀಮು ದೇವದುರ್ಗದ ಕಡೆಯವನೇ, ಆಟೋ ಓಡಿಸುತ್ತಿದ್ದ. ಪ್ರಿಯದರ್ಶಿನಿಯನ್ನು ಸ್ಕೂಲಿಗೆ ಬಿಟ್ಟು, ಅಯ್ಯಮ್ಮನನ್ನು ಗಾರ್ಮೆಂಟ್ಸಿಗೆ ಬಿಟ್ಟು ಬರುತ್ತಿದ್ದ. ಅವನಿಗೆ ಹೆಂಡತಿ ಮಕ್ಕಳಿದ್ದರು, ಆದರೆ ಅನುಮಾನ ಅಂಥದ್ದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

"ನಿನ್ ಅಕ್ಷರ ಯಾವ್ದು ಹೇಳು," ಅಂದ ಅಂಜನಮೂರ್ತಿ. "ರಾಯಪ್ಪ. ಆರ್. ಬಿ ಎಲ್ಲಿಂದ ಬಂತು?"

"ಹೌದಲ್ಲ," ಅಂದ ರಾಯಪ್ಪ. "ನಂದು ಆರ್."

ಭೀಮುವಿನ ಹತ್ತಿರ ಇಟ್ಟಿಗೆಯಷ್ಟು ದಪ್ಪದ ಒಂದು ಮೊಬೈಲ್ ಹೊಸದಾಗಿ ಬಂದಿತ್ತು. ಎದುರಿನ ಎಸ್ಟಿಡಿ ಬೂತಿನಿಂದ ಒಂದು ಫೋನ್ ಮಾಡಿ, "ಬಿ ಅಂದ್ರ ಯಾರು?" ಅಂತ ಅಯ್ಯಮ್ಮನನ್ನು ಕೇಳಿದ್ದರೆ ಸಾಕಿತ್ತು. ಆದರೆ ಭೀಮುವಿನ ಫೋನಿಗೆ ಫೋನ್ ಮಾಡುವುದುಂಟೇ? ರಾಯಪ್ಪ ಬೂತಿನ ಮುಂದೆ ಹಾದು, ಬೂತನ್ನೇ ದುರುಗುಟ್ಟಿ ನೋಡಿ, ತಕರಾರು ಹಾಕಲು ಅಂಜನಮೂರ್ತಿಯ ಜೊತೆ ಬಸ್ ಹತ್ತಿದ.

ಅವನ ಮೈಮೇಲೆ ಅಂಜನಮೂರ್ತಿಯ ಸಫಾರಿ ಶರ್ಟು. "ಆಫೀಸ್ ಕೆಲ್ಸ, ಸಿಮೆಂಟ್ ಬಟ್ಟೇಲಿ ಹೋದ್ರೆ ನಾಯಿ ಥರ ಓಡಿಸ್ತಾರೆ" ಅಂತ ತೊಡಿಸಿದ್ದ. ಅಂಜನಮೂರ್ತಿ ಸೌದೆಸೀಳಿನಂಥ ಆಳು, ರಾಯಪ್ಪ ಗಾರೆ ಮೂಟೆ. ಗುಂಡಿಗಳು ಒಂದೊಂದೂ ಪ್ರಾಣ ಹಿಡಿದುಕೊಂಡು ನಿಂತಿದ್ದವು. ಜೇಬಿನಲ್ಲಿ ಅವನ ರಸಮಟ್ಟ ಇತ್ತು. ನೆಲ ಸಮ ಇದೆಯೇ ಅಂತ ನೋಡುವ, ಗಾಜಿನೊಳಗೆ ಗುಳ್ಳೆ ಓಡಾಡುವ ಆ ಸಾಮಾನಿಲ್ಲದೆ ಅವನು ಮನೆ ಬಿಟ್ಟವನೇ ಅಲ್ಲ.

ಶಿವಾಜಿನಗರದಲ್ಲಿ ನೋಟರಿಯ ಮೆಟ್ಟಿಲ ಕೆಳಗೆ ಅಹ್ಮದ್ ಪಾಷಾ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದ. ಕನ್ನಡ, ಇಂಗ್ಲಿಷ್ ಎರಡೂ ಟೈಪ್ ಮಾಡುತ್ತಿದ್ದ, ಯಾವುದನ್ನೂ ಓದುತ್ತಿರಲಿಲ್ಲ. ಓದಿದರೆ ಮನಸ್ಸಿಗೆ ಹತ್ತಿಕೊಳ್ಳುತ್ತದೆ ಭಾಯ್, ಅನ್ನುತ್ತಿದ್ದ.

"ಬೋಲೋ. ಯಾರ ಮೇಲೆ?"

"ನನ್ ಮಗಳ ಹೆಸರು ಬದಲಿ ಮಾಡಾಕತ್ಯಾರ್ರಿ. ತಕರಾರು ಹಾಕ್ಬೇಕು."

"ನಿಮ್ದು ಹೆಸರು?"

"ರಾಯಪ್ಪ," ಅಂದ ಅಂಜನಮೂರ್ತಿ.

"ಇನ್ನೊಂದು ಹೆಸರೂ ಐತ್ರಿ, ಊರಾಗ..."

"ಏ, ಎರಡೆರಡು ಹೆಸರು ಹಾಕಿದ್ರೆ ಕೇಸ್ ಬಿದ್ದೋಗುತ್ತೆ ಕಣೋ. ಒಂದೇ ಸಾಕು. ನೀವು ಹೊಡೀರಿ ಪಾಷಾ ಭಾಯ್."

ಪಾಷಾ ಹೊಡೆದ. ಮಗಳ ಹೆಸರು ಬಂದಾಗ ಬೆರಳು ನಿಂತಿತು. "ಪ್ರಿ-ಯ-ದ-ರ್ಶಿ-ನಿ. ಈ ಹೆಸರು ಈ ವಾರಾನೇ ಒಂದ್ಸಲ ನನ್ ಬೆರಳು ನೋಯಿಸಿತ್ತು ಭಾಯ್. ಯಾರೋ ಒಬ್ರು ಅಮ್ಮ ಬಂದಿದ್ರು. ಅಪ್ಪನ ಹೆಸರು ಕೇಳಿದ್ರೆ ಆ ಗೋಡೆ ಕಡೆ ತಿರುಗಿ ನಿಂತ್ಕೊಂಡು ಹೇಳಿದ್ರು. ಯಾ ಅಲ್ಲಾ, ಒಂದು ಹೆಸರು ಹೇಳಕ್ಕೆ ಎಷ್ಟು ಹೊತ್ತು!"

ಅಂಜನಮೂರ್ತಿ ರಾಯಪ್ಪನ ಪಕ್ಕೆಗೆ ತಿವಿದ. "ನೋಡಿದ್ಯಾ? ಮುಖ ತೋರ್ಸಕ್ಕೂ ನಾಚ್ಕೆ!"

ರಾಯಪ್ಪ ಜೇಬಿಗೆ ಕೈ ಹಾಕಿದ. ಸುಮ್ಮನೆ ರಸಮಟ್ಟ ತೆಗೆದು ಮೇಜಿನ ಮೇಲಿಟ್ಟ. ಗುಳ್ಳೆ ಪೂರ್ತಿ ಒಂದು ಪಕ್ಕಕ್ಕೆ ಓಡಿತು. "ನಿಮ್ ಟೇಬಲ್ ವಾಲೈತ್ರಿ," ಅಂದ.

"ಈ ಟೇಬಲ್ ಮೇಲೆ ನೆಟ್ಟಗಿರೋದು ಯಾವ್ದೂ ಬರಲ್ಲ ಭಾಯ್," ಅಂದ ಪಾಷಾ.

ಕೊನೆಯ ಸಾಲು ಅಂಜನಮೂರ್ತಿಯದೇ. ಪಾಷಾ ಅದನ್ನು ಒಂದೇ ರಾಗದಲ್ಲಿ ಹೇಳಿಕೊಳ್ಳುತ್ತಾ ಹೊಡೆದ: "ಸದರಿ ಕುಮಾರಿಯ ತಂದೆ ರಾಯಪ್ಪನಾದ ನಾನು, ಬಿ ಎಂಬ ಅಕ್ಷರದಿಂದ ಆರಂಭವಾಗುವ ಯಾವನೇ ಗಂಡಸು ಆಕೆಯ ತಂದೆಯಲ್ಲವೆಂದು ದೇವರ ಸಾಕ್ಷಿಯಾಗಿ ಪ್ರಮಾಣ ಮಾಡುತ್ತೇನೆ."

ರಾಯಪ್ಪ ರುಜು ಮಾಡಿದ. ಮೇಲೆ ಕೂತಿದ್ದ ನೋಟರಿ ತಲೆ ಎತ್ತದೆ ದುಂಡು ಮೊಹರು ಒತ್ತಿದರು.

ಸ್ಕೂಲಿನ ಗೇಟಿನ ತನಕ ಬಂದ ಅಂಜನಮೂರ್ತಿ, "ಒಳಗೆ ನೀನೇ ಹೋಗು ಮಗಾ, ತಂದೆ ಸ್ಥಾನದಲ್ಲಿ ಒಬ್ನೇ ಇದ್ರೆ ತೂಕ" ಅಂತ ಎದುರಿನ ಕಾಫಿ ಅಂಗಡಿಗೆ ಜಾರಿಕೊಂಡ.

ಆಫೀಸ್ ರೂಮಿನಲ್ಲಿ ಗುಮಾಸ್ತ ಆಗಲೇ ಹೆಲ್ಮೆಟ್ ಹಾಕಿಕೊಂಡು, ಬೋರ್ಡಿಗೆ ಹೋಗಬೇಕಾದ ಕಟ್ಟಿಗೆ ದಾರ ಸುತ್ತುತ್ತಿದ್ದ.

"ತಕರಾರು ಐತ್ರಿ!" ಅಂತ ರಾಯಪ್ಪ ಎದೆಯುಬ್ಬಿಸಿ ಕೂಗಿದ. ಎದೆ ಉಬ್ಬಿದ್ದೇ ತಡ, ಸಫಾರಿಯ ನಡುವಿನ ಗುಂಡಿ ಸಿಡಿದು ಗುಮಾಸ್ತನ ಹೆಲ್ಮೆಟ್ಟಿಗೆ ಟಕ್ ಅಂತ ಬಡಿಯಿತು.

"ಹೊಡೀಬೇಡಿ ರೀ!" ಗುಮಾಸ್ತ ಹಿಂದಕ್ಕೆ ಸರಿದ. "ಯಾರ್ ಮಗು? ಪ್ರಿಯದರ್ಶಿನಿನಾ? ಸ್ಟ್ಯಾಂಪ್ ಪೇಪರಾ? ಮತ್ತೆ ಮಾತೇ ಇಲ್ಲ. ಜಗಳ ಇದ್ರೆ ಹಳೇದೇ ಹೋಗುತ್ತೆ, ರೂಲ್ಸು." ಕಟ್ಟಿನಿಂದ ಒಂದು ಹಾಳೆ ಎಳೆದು ಇನ್ನೊಂದು ತುರುಕಿದ. ರಾಯಪ್ಪನ ಕಾಗದವನ್ನು ಓದದೆ ಹೆಡ್ ಮಿಸ್ ಮೇಜಿನ ಮೇಲೆ ಎಸೆದ. ಸ್ಕೂಟರಿಗೆ ಒದ್ದು, ಹಳೇ ಮದ್ರಾಸ್ ರೋಡಿನ ಹೊಗೆಯೊಳಗೆ ಕರಗಿಹೋದ.

ಅಷ್ಟೇ. ಗೆದ್ದಾಗಿತ್ತು. ರಾಯಪ್ಪ ಹೊರಗಿನ ಹೊಂಗೆ ಮರದ ಕಟ್ಟೆ ಮೇಲೆ ಕೂತ. ಬಿಚ್ಚಿಕೊಂಡ ಶರ್ಟಿನೊಳಗೆ ಗಾಳಿ ಆಡಿತು. ಈ ಭಾನುವಾರ ಪೂರ್ತಿ ಒಂದು ದಿಲ್‌ಪಸಂದ್ ಅವಳಿಗೇ ಕೊಡಬೇಕು ಅಂದುಕೊಂಡ.

ಆಗ ಆಟೋ ಬಂದು ನಿಂತಿತು. ಮುಂದೆ ಭೀಮು. ಹಿಂದಿನಿಂದ ಅಯ್ಯಮ್ಮ ಇಳಿದಳು, ಗಾರ್ಮೆಂಟ್ಸಿನಲ್ಲಿ ಅರ್ಧ ದಿನ ರಜೆ ಹಾಕಿ. ಅದೇ ಹೊತ್ತಿಗೆ ಇಂಟರ್‌ವೆಲ್ ಬೆಲ್ ಆಯಿತು. ಎರಡು ಜಡೆ ಹಾರಿಸುತ್ತಾ ಪ್ರಿಯದರ್ಶಿನಿ ಓಡಿ ಬಂದವಳು, ಅಪ್ಪನನ್ನು ನೋಡಿ ಅಲ್ಲೇ ನಿಂತಳು.

"ಅಪ್ಪಾಜಿ! ಇವತ್ತು ಭಾನ್ವಾರ ಅಲ್ವಲ್ಲ?"

"ನೀವ್ಯಾಕ ಬಂದೀರಿ ಇಲ್ಲಿ?" ಅಂದಳು ಅಯ್ಯಮ್ಮ.

"ಯಾಕ? ಬರಬಾರದಿತ್ತೇನು? ನನ್ ಮಗಳ ಹೆಸರಿಗಿ ಯಾವನೋ ಬಿ ಬಂದು ಕುಂದ್ರೋತನ ನಾ ಟೈಲ್ಸ್ ಹಾಕ್ಕೋತ ಕುಂದ್ರಬೇಕೇನು? ತಕರಾರು ಹಾಕೀನಿ. ಡಿ ಹೋತು ಬೋರ್ಡಿಗಿ. ಈಗ ಹೇಳು, ಬಿ ಅಂದ್ರ ಯಾರು?" ಅಂತ ಭೀಮುವಿನ ಕಡೆ ಕೈ ಚಾಚಿದ. "ಇವನಾ?"

ಭೀಮು ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಅಂತ ತಿರುಗಿ ನೋಡಿದ. "ನಾನಾ? ಅಣ್ಣಾ, ನನ್ ಮಕ್ಕಳ ಇನಿಶಿಯಲ್ಲೇ ನನಗ ನೆನಪಿಲ್ಲ!"

ಅಯ್ಯಮ್ಮನ ಮುಖ ಕೆಂಪಾಯಿತು. ಅವಳು ಮರದ ಕಡೆ ತಿರುಗಿದಳು. ತಿರುಗಿಕೊಂಡೇ, ಮರಕ್ಕೆ ಹೇಳಿದ ಹಾಗೆ ಹೇಳಿದಳು.

"ಬಿ ಅಂದ್ರ ಭಗವಂತರಾಯ."

ರಾಯಪ್ಪ ಚಾಚಿದ ಕೈ ಇಳಿಸಿದ. ಕತ್ತರಿಸಿ ಎಸೆದಿದ್ದ ತುಂಡು ಎಲ್ಲಿಂದಲೋ ಬಂದು ಕೂತಿತ್ತು. ಅವನ ಅವ್ವ ಸತ್ತ ಮೇಲೆ ಆ ಹೆಸರನ್ನು ಯಾರೂ ಅಷ್ಟು ಮೆತ್ತಗೆ ಅಂದಿರಲಿಲ್ಲ. ಅದೂ ಈ ಬಾಯಲ್ಲಿ! ಜಡ್ಜ್ ಸಾಹೇಬರಿಗೂ ಸಿಗದಿದ್ದ ಹೆಸರು.

"ಮತ್ತ ಡಿ? ದೇವದುರ್ಗ ಅಲ್ಲೇನು?"

"ಯಾರ್ ಹೇಳಿದ್ರು ದೇವದುರ್ಗ ಅಂತ?" ಅಯ್ಯಮ್ಮ ಈಗ ಈ ಕಡೆ ತಿರುಗಿದಳು. "ಇಕೀನ ಸಾಲಿಗಿ ಹಾಕೋ ದಿನ ನೀವು ಕೆಲಸ ಬಿಟ್ಟು ಬರಲಿಲ್ಲ. ತಂದಿ ಹೆಸರೇನಮ್ಮಾ ಅಂತ ಕ್ಲರ್ಕ್ ಕೇಳಿದ. ನಾ ಹೆಂಗ ಹೇಳ್ಲಿ? ಮೊದಲ ದೇವರ ಹೆಸರು, ಆಮ್ಯಾಗ ರಾಜ ಅಂತ ಬರತೈತ್ರಿ ಅಂದೆ. 'ಓ, ದೇವರಾಜು' ಅಂತ ಬರಕೊಂಡ. ನನಗೇನು ಇಂಗ್ಲಿಷ್ ಓದಾಕ ಬರತೈತೇನು? ಹೋದ ತಿಂಗಳು ಕ್ಲಾಸಿನಾಗ ಅಪ್ಪಂದಿರ ಹೆಸರು ಓದಿದಾಗ ಗೊತ್ತಾತು. ಇಕಿ ಅಳಕೋತ ಮನಿಗಿ ಬಂದ್ಳು."

"ದೇವರಾಜು ಮಗಳು ಅಂದ್ರು ಅಪ್ಪಾಜಿ," ಅಂದಳು ಪ್ರಿಯದರ್ಶಿನಿ. "ಎಲ್ರೂ ನಕ್ಕರು. ನಂಗೆ ನಿಮ್ ಅಕ್ಷರ ಬೇಕಿತ್ತು."

"ಗಂಡ ಅಂತ ಇದ್ದಾಗ ಹೆಸರು ಹೇಳೋ ಹಂಗಿರಲಿಲ್ಲ," ಅಂದಳು ಅಯ್ಯಮ್ಮ. ದನಿ ಸಣ್ಣದಾಗಿತ್ತು. "ಈಗ ಗಂಡ ಅಲ್ಲಲ್ಲ, ಹೇಳಿದ್ರ ಏನಾಗತೈತಿ ಅಂತ ಧೈರ್ಯ ಮಾಡಿ ಆ ಟೈಪಿನವರ ಮುಂದ ಹೇಳಿದೆ. ಜೀವ ಬಾಯಿಗಿ ಬಂದಿತ್ತು."

ರಾಯಪ್ಪ ಒಳಗೆ ಓಡಿದ, ಹಿಂದೆಯೇ ಅಯ್ಯಮ್ಮ, ಪ್ರಿಯದರ್ಶಿನಿ. ಹೆಡ್ ಮಿಸ್ ಅಷ್ಟರಲ್ಲಿ ಕನ್ನಡಕ ಏರಿಸಿಕೊಂಡು ಅವನ ಕಾಗದವನ್ನೇ ಓದುತ್ತಿದ್ದರು.

"ಮಿಸ್, ನಾನಾ ಭಗವಂತರಾಯ! ಬಿ ಅಂದ್ರ ನಾನಾ!"

"ಕೂತ್ಕೊಳ್ಳಿ," ಅಂದರು ಹೆಡ್ ಮಿಸ್. "ಸ್ಕೂಲ್ ರಿಜಿಸ್ಟರಲ್ಲಿ ಈ ಮಗು ತಂದೆ ದೇವರಾಜು. ತಾಯಿ ಪ್ರಕಾರ ಭಗವಂತರಾಯ. ಇದರ ಪ್ರಕಾರ ರಾಯಪ್ಪ. ಈ ಮಗುಗೆ ಎಷ್ಟು ಜನ ಅಪ್ಪಂದಿರು?"

"ಎಲ್ಲಾ ನಾನಾರೀ!"

"ಬಿ ಇಂದ ಶುರುವಾಗೋ ಯಾವನೇ ಗಂಡಸು ಇವಳ ತಂದೆ ಅಲ್ಲ ಅಂತ ನೀವೇ ದೇವರ ಮೇಲೆ ಪ್ರಮಾಣ ಮಾಡಿದೀರಿ. ಮೊಹರಿನ ಇಂಕ್ ಇನ್ನೂ ಹಸಿ ಇದೆ ನೋಡಿ, ಕೈಗೆ ಹತ್ತುತ್ತೆ." ಅವರು ನಿಜವಾಗಿಯೂ ಬೆರಳು ತೋರಿಸಿದರು. "ಹೆಸರುಗಳು ಹೋಗಾಯ್ತು. ಇನ್ಮೇಲೆ ಅವಳ ಹೆಸರು ತಿದ್ದಬೇಕಂದ್ರೆ ನೀವಿಬ್ರೂ ಮತ್ತೆ ಕೋರ್ಟಿಗೆ ಹೋಗ್ಬೇಕು."

ಕೋರ್ಟು ಅಂದ ಕೂಡಲೇ ಮೂವರ ಮುಖವೂ ಬಾಡಿತು. ಪ್ರಿಯದರ್ಶಿನಿ ಅಮ್ಮನ ಕೈಯನ್ನೂ ಅಪ್ಪನ ಗುಂಡಿ ಹೋದ ಸಫಾರಿಯ ತುದಿಯನ್ನೂ ಹಿಡಿದುಕೊಂಡು ನಿಂತಿದ್ದಳು. ಹೆಡ್ ಮಿಸ್‌ಗೆ ಕರುಣೆ ಬಂತು.

"ಮಗು ಹೆಸರಿಗೆ ಇಷ್ಟೆಲ್ಲ ರಗಳೆ. ದೊಡ್ಡವರು ತಮ್ಮ ಸ್ವಂತ ಹೆಸರು ಯಾವಾಗ ಬೇಕಾದ್ರೂ ಬದಲಾಯಿಸ್ಕೋಬಹುದು. ಅದಕ್ಕೆ ಯಾರ ತಕರಾರೂ ಇರಲ್ಲ," ಅಂದರು, ಸುಮ್ಮನೆ ಮಾತಿಗೆ.

ರಾಯಪ್ಪ ಯಾರು ಹೇಳಿದರೂ ನಂಬುವವನು. ನಂಬಿದ.

ಸಂಜೆ ಭೀಮುವಿನ ಆಟೋ ಶಿವಾಜಿನಗರದ ಮೆಟ್ಟಿಲ ಹತ್ತಿರ ನಿಂತಾಗ ಅಹ್ಮದ್ ಪಾಷಾ ಟೈಪ್‌ರೈಟರಿಗೆ ಮುಸುಕು ಹಾಕುತ್ತಿದ್ದ. ಆಟೋದಲ್ಲಿ ಪ್ರಿಯದರ್ಶಿನಿ ನಡುವೆ ಕೂತಿದ್ದಳು, ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅಮ್ಮ. ಹಾಗೆ ಕೂತು ಎಷ್ಟೋ ಕಾಲವಾಗಿತ್ತು.

"ಅರೆ, ಬೆಳಿಗ್ಗೆ ಭಾಯ್! ಈಗ ಯಾರ ಮೇಲೆ?"

"ನನ್ ಮ್ಯಾಲೆ," ಅಂದ ರಾಯಪ್ಪ. "ರಾಯಪ್ಪ ಅನ್ನೋ ಭಗವಂತರಾಯ ಇವತ್ತಿನಿಂದ ದೇವರಾಜು ಅಂತ ಬರೀರಿ. ಮಗಳ ಕಾಗದದಾಗ ಆ ಹೆಸರೇ ಇರೋದಾದ್ರ, ಆ ಹೆಸರಿಗಿ ಒಬ್ಬ ಅಪ್ಪ ಬೇಕಲ್ರಿ. ನಾನಾ ಆಗತೀನಿ."

ಪಾಷಾ ಮೊದಲ ಸಲ ಟೈಪ್ ಮಾಡುವ ಮುಂಚೆ ಗಿರಾಕಿಯ ಮುಖ ನೋಡಿದ. ಆಮೇಲೆ ಮುಸುಕು ತೆಗೆದು, ಹಾಳೆ ಏರಿಸಿ ಹೊಡೆದ. ಹಾಳೆ ಹೊರಗೆಳೆಯುವಷ್ಟರಲ್ಲಿ ಅಯ್ಯಮ್ಮ ಮುಂದೆ ಬಂದಳು.

"ನಂದು ತಕರಾರೈತ್ರಿ."

"ನೀವು ಇವ್ರ ಹೆಂಡ್ತೀನಾ ಅಮ್ಮಾ?"

"ಅಲ್ರಿ. ಡೈವರ್ಸ್ ಆಗೈತಿ."

"ಮತ್ತೆ ನಿಮಗೇನು ತೊಂದ್ರೆ?"

"ಇಷ್ಟು ವರ್ಷ ಬಾಯಾಗ ಕಾದಿಟ್ಟಿದ್ದೆ ಆ ಹೆಸರು. ಹೇಳಿದ್ದು ಎರಡೇ ಸಲ. ಒಮ್ಮಿ ನಿಮ್ ಗ್ವಾಡಿಗಿ, ಒಮ್ಮಿ ಸಾಲಿ ಗಿಡಕ್ಕ. ಅಷ್ಟರಾಗ ಅದನ್ನ ತೆಗೀತೀನಿ ಅಂದ್ರ ಹೆಂಗ? ಬದಲಿ ಮಾಡಬಾರದು ಅಂತ ಬರೀರಿ."

ಪ್ರಿಯದರ್ಶಿನಿ ಜಡೆಯ ತುದಿ ಕಚ್ಚಿಕೊಂಡು ಒಮ್ಮೆ ಅಪ್ಪನನ್ನು, ಒಮ್ಮೆ ಅಮ್ಮನನ್ನು ನೋಡಿದಳು. ಪಾಷಾ ನಿಟ್ಟುಸಿರು ಬಿಟ್ಟು ಹೊಸ ಹಾಳೆ ಏರಿಸಿದ.

"ಸರಿ. ಬದಲಿ ಮಾಡಬಾರದ ಹೆಸರು ಯಾವ್ದು? ಜೋರಾಗಿ ಹೇಳಿ, ಬಸ್ ಗಲಾಟೇಲಿ ಕೇಳ್ಸಲ್ಲ."

ಅಯ್ಯಮ್ಮ ಬಾಯಿ ತೆರೆದಳು. ಗೋಡೆ ಕಡೆ ತಿರುಗೋಣವೆಂದರೆ ಅಲ್ಲಿ ಭೀಮು ಒರಗಿ ನಿಂತಿದ್ದ. ಎದುರಿಗೆ ರಾಯಪ್ಪ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಗುಂಡಿ ಹೋದ ಶರ್ಟಿನಲ್ಲಿ, ಅವಳ ಬಾಯನ್ನೇ ನೋಡುತ್ತಾ. ತೆರೆದ ಬಾಯಿ ಮುಚ್ಚಿತು. ಕೈ ತಾನಾಗಿಯೇ ಸೆರಗನ್ನು ಹುಡುಕಿ ತುಟಿಗೆ ಒತ್ತಿಕೊಂಡಿತು.

"ಹೇಳಿ ಅಮ್ಮಾ, ಹೊತ್ತಾಯ್ತು."

ಸೆರಗಿನ ಹಿಂದಿನಿಂದ ಸಣ್ಣ ದನಿ ಬಂತು. "ಅದಾರಿ ಅಣ್ಣಾರ... ಮೊದಲ ದೇವರ ಹೆಸರು. ಆಮ್ಯಾಗ... ರಾಜ ಅಂತ ಬರತೈತಿ."

"ಓ," ಅಂದ ಅಹ್ಮದ್ ಪಾಷಾ, "ದೇವರಾಜು," ಅಂತ ಹೇಳಿಕೊಳ್ಳುತ್ತಾ ಟಕ ಟಕ ಹೊಡೆಯತೊಡಗಿದ.